ಹದಿನಾಲ್ಕು ಕಾಲಮ್ಮಿನ ಮನೆ ಮಾಲೀಕ

ಮೊನ್ನೆ ಭಾನುವಾರ ಹೆಂಡತಿ ವಸಂತಿ ಟ್ರಂಕ್ ತೆಗೆದು, ಹತ್ತಿ ತುಂಬಿದ ದಪ್ಪ ರಜಾಯಿಗಳನ್ನು ಬಿಸಿಲಿಗೆ ಹಾಕಿದಳು. ಬಿಸಿಲು ಎನ್ನುವುದು ಹೆಸರಿಗೆ ಅಷ್ಟೆ. ದಿಲ್ಲಿಯ ನವೆಂಬರಿನಲ್ಲಿ ಸೂರ್ಯನೂ ನಮ್ಮ ಆಫೀಸಿನ ಕೆಲವರ ಹಾಗೆ, ಹಾಜರಿ ಹಾಕಿ ಎಲ್ಲೋ ಹೋಗಿಬಿಟ್ಟಿರುತ್ತಾನೆ. ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ನಾನು ಮೂರು ಸಲ ಸೀನಿ, ನಾಲ್ಕನೆಯದಕ್ಕೆ ಕಾಯುತ್ತ ನಿಂತಿದ್ದಾಗ ರಾಘಣ್ಣ ನೆನಪಾದ. ರಾಘಣ್ಣ ನೆನಪಾದರೆ ಎರಡು ವರ್ಷದ ಹಿಂದಿನ ಆ ಚಳಿಗಾಲ ಪೂರ್ತಿ ಎದುರಿಗೆ ಬಂದು ಕೂರುತ್ತದೆ. ನನಗೆ ಇವತ್ತಿಗೂ ಸ್ವಲ್ಪ ನಾಚಿಕೆಯಾಗುತ್ತದೆ.

ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮನೆ ಲೋಧಿ ಕಾಲೋನಿಯ ಹಳೆಯ ಕ್ವಾರ್ಟರ್ಸಿನಲ್ಲಿ. ರಾಘಣ್ಣ ಬೇರೊಂದು ಸಚಿವಾಲಯದಲ್ಲಿ ಗುಮಾಸ್ತನಾಗಿದ್ದ. ಘಾಜಿಯಾಬಾದಿನ ಐದನೇ ಮಹಡಿಯ ಮನೆಯಿಂದ ಆಫೀಸಿಗೆ ದಿನಾ ಹೋಗಿಬರಲು ಮೂರೂವರೆ ಗಂಟೆ ಕಳೆಯುತ್ತಿದ್ದ. ಹುದ್ದೆಯಲ್ಲಿ ನಾನು ಮೇಲೆ, ವಯಸ್ಸಿನಲ್ಲಿ ಅವನು ನನಗಿಂತ ಎಂಟು ವರ್ಷ ಹಿರಿಯ. ಆದರೂ ಹದಿನೆಂಟು ವರ್ಷದ ಸಲಿಗೆಯಿಂದ ಇಬ್ಬರದೂ ಏಕವಚನವೇ. ನಾಟಕದ ವಿಷಯ ಬಂದರೆ ಅವನ ಮುಂದೆ ನಾವ್ಯಾರೂ ಲೆಕ್ಕಕ್ಕೇ ಇಲ್ಲ.

ಪ್ರತಿ ಫೆಬ್ರವರಿಯಲ್ಲಿ ದಿಲ್ಲಿಯ ಕನ್ನಡದವರೆಲ್ಲ ಒಂದು ಭಾನುವಾರ ಸೇರುತ್ತಾರೆ. ಆ ದಿನ ನಮ್ಮ ಐದಾರು ಮಂದಿಯ ತಂಡದ್ದು ಒಂದು ಪ್ರಹಸನ. ಕಥೆ ನಾವೇ ಹೆಣೆದದ್ದು. ಲಕ್ಷ್ಮೀ ನಗರದ ಮನೆ ಮಾಲೀಕನೊಬ್ಬ ದಿನಾ ಬೆಳಿಗ್ಗೆ ಬಾಡಿಗೆದಾರರ ಬಾಗಿಲು ತಟ್ಟಿ ಹೊಸದೊಂದು ನಿಯಮ ಸಾರುತ್ತಾನೆ. ಮಹಡಿಗೆ ಬೀಗ, ಮೋಟರಿಗೆ ವೇಳೆ, ನೆಂಟರಿಗೆ ಮಿತಿ. ಆ ಮಾಲೀಕ ಯಾವಾಗಲೂ ರಾಘಣ್ಣನೇ. ಶನಿವಾರ, ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಹಾಲಿನಲ್ಲಿ ರಿಹರ್ಸಲ್. ಅವನು ಬರುವಾಗ ಕೈಗೆ ಏನು ಸಿಕ್ಕಿದರೆ ಅದರೊಂದಿಗೆ ಪ್ರವೇಶ ಮಾಡುತ್ತಿದ್ದ. ಒಮ್ಮೆ ವಸಂತಿಯ ಲಟ್ಟಣಿಗೆ, ಒಮ್ಮೆ ಪಕ್ಕದ ಮನೆಯವರ ಪರದೆ. ಹಿಂದಿನ ವಾರ ಮಾಡಿದ್ದನ್ನು ಈ ವಾರ ಮಾಡುತ್ತಿರಲಿಲ್ಲ. ನಾವು ನಕ್ಕೂ ನಕ್ಕೂ ನಮ್ಮ ಮಾತು ಮರೆಯುತ್ತಿದ್ದೆವು, ಉಪ್ಪಿಟ್ಟು ತಣ್ಣಗಾಗುತ್ತಿತ್ತು.

ಇಷ್ಟು ಚೆನ್ನಾಗಿದ್ದದ್ದನ್ನು ಕೆಡಿಸಿದವನು ನಾನು.

ಆ ಚಳಿಗಾಲಕ್ಕೂ ಹಿಂದಿನ ಫೆಬ್ರವರಿಯ ಪ್ರದರ್ಶನಕ್ಕೆ ಊರ ಕಡೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಅತಿಥಿಯಾಗಿ ಬಂದಿದ್ದರು. ನಾಟಕ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, “ಉತ್ಸಾಹ ಇದೆ ನಿಮ್ಮಲ್ಲಿ. ಆದರೆ ನಾಟಕ ಅಂದರೇನು ಅಂತ ಗೊತ್ತಿಲ್ಲ. ಇದು ಮಕ್ಕಳಾಟ” ಎಂದರು. ಬಹಳ ಪ್ರೀತಿಯಿಂದಲೇ ಹೇಳಿದರು. ಅದೇ ವಾರ ಬಡ್ತಿಯ ಪಟ್ಟಿ ಹೊರಬಿತ್ತು, ನನ್ನ ಹೆಸರು ಇರಲಿಲ್ಲ. ಎರಡೂ ಒಟ್ಟಿಗೆ ಆಗಿರದಿದ್ದರೆ ಬಹುಶಃ ತಡೆದುಕೊಳ್ಳುತ್ತಿದ್ದೆ. ಐವತ್ತೊಂದನೇ ವಯಸ್ಸಿನಲ್ಲಿ ಒಂದಾದರೂ ವಿಷಯದಲ್ಲಿ ಬಲ್ಲವನು ಅನ್ನಿಸಿಕೊಳ್ಳಬೇಕೆಂಬ ಹಟ ಹಿಡಿಯಿತು.

ಆರು ಭಾನುವಾರಗಳ ಒಂದು ಅಭಿನಯ ಕೋರ್ಸಿಗೆ ಸೇರಿದೆ. ದಪ್ಪ ಪುಸ್ತಕಗಳನ್ನು ತಂದೆ. ಮೂರು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದೆ, ಬೇರೆ ಬೇರೆ ಸಿದ್ಧಾಂತಕ್ಕೆ ಬೇರೆ ಬೇರೆ ಫೈಲು ಮಾಡಿ ಟ್ಯಾಗ್ ಕಟ್ಟಿದೆ. ಮಳೆಗಾಲವೆಲ್ಲ ಅದೇ ಆಯಿತು. ವಸಂತಿ ನೋಡಿ ನೋಡಿ, “ಇಷ್ಟು ಆಗಲೇ ಓದಿದ್ದರೆ ಇವತ್ತು ಕಲೆಕ್ಟರ್ ಆಗಿರ್ತಿದ್ರಿ” ಎಂದಳು. ಆಮೇಲೆ ಅಡುಗೆಮನೆಯಿಂದ, ನನಗೆ ಕೇಳಲೆಂದೇ, “ಓದಿ ಓದಿ ಮರುಳಾದ ಕೂಚಂಭಟ್ಟ” ಎಂದದ್ದೂ ಕೇಳಿಸಿತು.

ದೀಪಾವಳಿ ಕಳೆದು ರಿಹರ್ಸಲ್ ಶುರುವಾದಾಗ ಹೊರಗೆ ಹೊಗೆ ಕವಿದಿತ್ತು. ಎಲ್ಲರ ಕಣ್ಣೂ ಕೆಂಪು, ಎಲ್ಲರ ಗಂಟಲೂ ಕಟ್ಟಿತ್ತು. ಇಂಥ ದಿನ ನಾನು ಪ್ರತಿಯೊಬ್ಬರ ಕೈಗೂ ಒಂದು ಪ್ರೊಫಾರ್ಮಾ ಕೊಟ್ಟೆ. ತಲೆಬರಹ ‘ಪಾತ್ರದ ಜೀವನ ವಿವರ ಪತ್ರ’. ಹದಿನಾಲ್ಕು ಕಾಲಮ್ಮು. ಪಾತ್ರದ ಹೆಸರು, ತಂದೆಯ ಹೆಸರು, ಹುಟ್ಟಿದ ಸ್ಥಳ, ಬಾಲ್ಯದಲ್ಲಿ ಪಟ್ಟ ನೋವು ಯಾವುದಾದರೂ ಇದ್ದಲ್ಲಿ ಪ್ರತ್ಯೇಕ ಹಾಳೆ ಲಗತ್ತಿಸುವುದು, ಪ್ರವೇಶದ ಉದ್ದೇಶ, ನಿರ್ಗಮನದ ಉದ್ದೇಶ. ಕೊನೆಗೆ ಸಹಿ, ದಿನಾಂಕ. ಬರೆಯುವಾಗ ಇದರಲ್ಲಿ ತಮಾಷೆಯಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಇಪ್ಪತ್ತಾರು ವರ್ಷ ಸಚಿವಾಲಯದಲ್ಲಿ ಕೂತವನಿಗೆ ಯಾವುದನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕೆಂದರೆ ಫಾರಂ ಮಾಡುವುದೇ ದಾರಿ.

ಬಾಡಿಗೆದಾರಳ ಪಾತ್ರ ಮಾಡುತ್ತಿದ್ದವಳು ನಾಜಿಯಾ. ದಾವಣಗೆರೆಯ ಹುಡುಗಿ, ನೋಯ್ಡಾದ ಒಂದು ಕಂಪನಿಯಲ್ಲಿ ಕೆಲಸ. ನಿಜವಾಗಿಯೂ ಲಕ್ಷ್ಮೀ ನಗರದಲ್ಲೇ ಬಾಡಿಗೆಗಿದ್ದಳು. ನಮ್ಮ ನಾಟಕದ ಅರ್ಧ ನಿಯಮಗಳು ಅವಳ ಮನೆಯೊಡತಿಯವೇ. ಅವಳು ಫಾರಂ ನೋಡಿದಳು, ಹೆಸರಿನ ಕಾಲಮ್ಮು ತುಂಬಿದಳು, ಉಳಿದ ಹದಿಮೂರಕ್ಕೂ ‘ಅನ್ವಯಿಸುವುದಿಲ್ಲ’ ಎಂದು ಬರೆದು ಅಲ್ಲೇ ವಾಪಸ್ ಕೊಟ್ಟಳು. ರಾಘಣ್ಣ ಮಾತ್ರ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. “ಮನೆಗೆ ಹೋಗಿ ನಿಧಾನಕ್ಕೆ ತುಂಬ್ತೀನಿ” ಎಂದ.

ಆಮೇಲಿನ ವಾರಗಳಲ್ಲಿ ಪ್ರತಿ ರಿಹರ್ಸಲಿಗೂ ನಾನು ನಡಾವಳಿ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ಯಾರು ತಡವಾಗಿ ಬಂದರು, ಯಾರ ಯಾವ ಚಲನೆಗೆ ಕಾರಣವಿರಲಿಲ್ಲ, ಮುಂದಿನ ವಾರದೊಳಗೆ ಯಾರು ಏನು ಸರಿಪಡಿಸಬೇಕು. ಒಂದು ಶನಿವಾರ ರಾಘಣ್ಣ ನಮ್ಮ ಬಚ್ಚಲಿನ ನೀಲಿ ಬಕೆಟ್ ತಲೆಗೆ ಹಾಕಿಕೊಂಡು ಬಂದು, ಒಳಗಿನಿಂದಲೇ ನಿಯಮ ಸಾರಿದ. ಧ್ವನಿ ಬಾವಿಯಿಂದ ಬಂದ ಹಾಗಿತ್ತು. ನಾಜಿಯಾ ನಗಲು ಶುರುಮಾಡಿದಳು. ನಾನು ಕೈ ಎತ್ತಿ ನಿಲ್ಲಿಸಿದೆ.

“ರಾಘಣ್ಣ, ಮಾಲೀಕ ಬಕೆಟ್ ಯಾಕೆ ಹಾಕಿಕೊಂಡಿದ್ದಾನೆ?”

ಅವನು ಬಕೆಟ್ ತೆಗೆದ. “ಅಲ್ಲಿತ್ತು, ಅದಕ್ಕೆ.”

“ಅದು ನಿನಗೆ ಕಾರಣ. ಪಾತ್ರಕ್ಕೆ ಏನು ಕಾರಣ?”

ಅವನು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ. ಆಮೇಲೆ ಬಕೆಟನ್ನು ಬಚ್ಚಲಲ್ಲಿ ಇಟ್ಟು ಬಂದು, ಕೈ ಕಟ್ಟಿ ನಿಂತು, ಬರೆದಿದ್ದ ಮಾತನ್ನು ಬರೆದಿದ್ದ ಹಾಗೆಯೇ ಹೇಳಿದ. ಒಂದಕ್ಷರ ತಪ್ಪಲಿಲ್ಲ. ಅದಕ್ಕೂ ಮೊದಲು ಹದಿನೆಂಟು ವರ್ಷದಲ್ಲಿ ಒಂದು ಸಲವೂ ಅವನು ಬರೆದದ್ದನ್ನು ಹೇಳಿರಲಿಲ್ಲ. ಸುಧಾರಿಸಿದ ಎಂದು ನಾನು ಖುಷಿಪಟ್ಟು ನಡಾವಳಿಯಲ್ಲೂ ಹಾಗೇ ಬರೆದೆ.

ಡಿಸೆಂಬರಿನಲ್ಲಿ ಸಂಸತ್ತಿನ ಅಧಿವೇಶನ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಉಪಪ್ರಶ್ನೆ, ಅದಕ್ಕೊಂದು ಟಿಪ್ಪಣಿ. ಮನೆಗೆ ಬಂದರೆ ಶೂ ಬಿಚ್ಚುವುದಕ್ಕೂ ತ್ರಾಣ ಇರುತ್ತಿರಲಿಲ್ಲ. ಅಂಥ ಸ್ಥಿತಿಯಲ್ಲೂ ಶನಿವಾರ ಫೈಲು ಬಿಚ್ಚಿಕೊಂಡು ಕೂರುತ್ತಿದ್ದೆ. ಆ ಎರಡು ಗಂಟೆ ನನಗೂ ಆಫೀಸೇ ಆಗಿತ್ತು. ಬಿಡುವುದಕ್ಕೆ ಮಾತ್ರ ಮನಸ್ಸಿರಲಿಲ್ಲ. ಇಷ್ಟು ಓದಿದ್ದು ದಂಡವಾಗುತ್ತದಲ್ಲ ಎಂಬ ಚಿಂತೆ.

ತಿಂಗಳ ಕೊನೆಗೆ ರಾಘಣ್ಣ ಬರುವುದನ್ನು ನಿಲ್ಲಿಸಿದ. ಮೊದಲ ವಾರ ಕೆಮ್ಮು ಎಂದ, ಎರಡನೇ ವಾರ ಮಂಜು ಎಂದ, ಮೂರನೇ ವಾರ ಫೋನ್ ಎತ್ತಲಿಲ್ಲ. ಅವನ ಪಾತ್ರವನ್ನು ನಾನೇ ಮಾಡಿ ನೋಡಿದೆ. ಓದಿದ್ದೆಲ್ಲ ತಲೆಯಲ್ಲಿತ್ತು: ಪ್ರವೇಶದ ಉದ್ದೇಶ, ಒಳದನಿ, ಉಸಿರು. ನಾಲ್ಕು ಮಾತು ಹೇಳುವಷ್ಟರಲ್ಲಿ ಕೋಣೆಯಲ್ಲಿ ಆಕಳಿಕೆ ಶುರುವಾಯಿತು. ಹಾಲ್ ಚಿಕ್ಕದು, ಚಲನೆಗೆ ಜಾಗ ಸಾಲದು ಎಂದೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದಳು ವಸಂತಿ.

ನಾಜಿಯಾ ಮೆಲ್ಲಗೆ ಹೇಳಿದಳು: “ಸರ್, ಬೇಜಾರು ಮಾಡ್ಕೋಬೇಡಿ. ನೀವು ಆ್ಯಕ್ಟ್ ಮಾಡ್ತಿಲ್ಲ. ಮಾಲೀಕನ ಬಗ್ಗೆ ಮೇಲಿನವರಿಗೆ ನೋಟ್ ಕಳಿಸ್ತಿದ್ದೀರಿ.” ತಡೆದು ಮತ್ತೆ ಸೇರಿಸಿದಳು. “ರಾಘಣ್ಣ ಅಂಕಲ್ ಫೆಬ್ರವರಿ ಕೊನೆಗೆ ರಿಟೈರ್. ಆಮೇಲೆ ತಿಪಟೂರಿಗೆ ಹೋಗ್ತಾರಂತೆ. ಇದು ಅವರ ಲಾಸ್ಟ್ ನಾಟಕ ಅಂತ ಗೊತ್ತಾ ನಿಮಗೆ?”

ಗೊತ್ತಿತ್ತು. ಗೊತ್ತಿದ್ದೂ ಅದು ನನ್ನ ತಲೆಯಲ್ಲಿ ಎಲ್ಲೋ ಕೆಳಗಿನ ಫೈಲಿನಲ್ಲಿ ಸೇರಿಹೋಗಿತ್ತು.

ಮರುದಿನ ಬೆಳಿಗ್ಗೆ ಮೆಟ್ರೋ ಹಿಡಿದು ಘಾಜಿಯಾಬಾದಿಗೆ ಹೋದೆ. ನಿಲ್ದಾಣದಿಂದ ಇ-ರಿಕ್ಷಾ. ಮಂಜಿನಲ್ಲಿ ಅದನ್ನು ಓಡಿಸುವ ಭಯ್ಯಾಗೂ ದಾರಿ ಕಾಣುತ್ತಿರಲಿಲ್ಲ, ನನಗಂತೂ ಇಲ್ಲ. ಲಿಫ್ಟ್ ಕೆಟ್ಟಿತ್ತು. ಐದು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಾಗ ರಾಘಣ್ಣನ ಹೆಂಡತಿ ಕಮಲಕ್ಕ ಬಾಗಿಲು ತೆಗೆದರು. ರಾಘಣ್ಣ ಮಫ್ಲರ್ ಸುತ್ತಿಕೊಂಡು ಬಾಲ್ಕನಿಯಲ್ಲಿ ಕೂತಿದ್ದ. ಹದಿನೈದು ದಿನದಿಂದ ಮನೆಯಲ್ಲಿ ಮಾತು ಕಡಿಮೆ ಎಂದು ಕಮಲಕ್ಕ ಮೆಲ್ಲಗೆ ಹೇಳಿದರು.

ನನ್ನನ್ನು ಕಂಡವನು ಎದ್ದುಹೋಗಿ ಬೀರುವಿನಿಂದ ಆ ಪ್ರೊಫಾರ್ಮಾ ತಂದು ಕೈಗಿಟ್ಟ. ಹದಿನಾಲ್ಕು ಕಾಲಮ್ಮೂ ತುಂಬಿತ್ತು. ಲಗತ್ತಿಸಿದ ಹಾಳೆಗಳು ಒಂಬತ್ತು. ಗುಂಡಗಿನ ಗುಮಾಸ್ತನ ಅಕ್ಷರ, ಒಂದು ಕಡೆಯೂ ಹೊಡೆದುಹಾಕಿರಲಿಲ್ಲ. ಮಾಲೀಕ, ದೇಶ ಇಬ್ಭಾಗವಾದಾಗ ಗಡಿಯಾಚೆಯಿಂದ ಓಡಿಬಂದವರ ಮಗನಂತೆ. ಚಿಕ್ಕಂದಿನಲ್ಲಿ ಒಂದೇ ಕೋಣೆಯಲ್ಲಿ ಹನ್ನೊಂದು ಮಂದಿ ಮಲಗಿದ್ದರಂತೆ. ಅದಕ್ಕೇ ಮನೆ ಕಟ್ಟಿದ ಮೇಲೂ ಯಾರೋ ಬಂದು ಕಿತ್ತುಕೊಳ್ಳುತ್ತಾರೆಂಬ ಭಯ, ಅದಕ್ಕೇ ದಿನಕ್ಕೊಂದು ನಿಯಮ. ಕೊನೆಯ ಎರಡು ಕಾಲಮ್ಮು ಹೀಗಿದ್ದವು. ಪ್ರವೇಶದ ಉದ್ದೇಶ: ಗೊತ್ತಿಲ್ಲ. ನಿರ್ಗಮನದ ಉದ್ದೇಶ: ದಣಿವು.

“ಎಷ್ಟು ಚೆನ್ನಾಗಿ ಬರೆದಿದ್ದೀಯ ರಾಘಣ್ಣ” ಎಂದೆ. ನಿಜಕ್ಕೂ ಚೆನ್ನಾಗಿತ್ತು.

“ಹೂಂ. ಫಾರಂ ಕೊಟ್ಟರೆ ಖಾಲಿ ಬಿಟ್ಟು ಅಭ್ಯಾಸ ಇಲ್ಲ ನನಗೆ. ಬರೀತಾ ಬರೀತಾ ಆ ಮನುಷ್ಯ ಪೂರ್ತಿ ಅರ್ಥವಾಗಿಬಿಟ್ಟ. ಪಾಪದವನು ಕಣೋ. ಈಗ ಅವನನ್ನು ನೋಡಿ ನಗೋಕೇ ಆಗ್ತಿಲ್ಲ. ನಗದೇ ಇದ್ದರೆ ನಾನು ಹೆಂಗೆ ಆಡಲಿ?”

ನಾನು ಏನೋ ಸಮಜಾಯಿಷಿ ಶುರುಮಾಡಿದೆ. ಅವನು ಕೇಳಿಸಿಕೊಳ್ಳಲಿಲ್ಲ.

“ಮೂವತ್ತೈದು ವರ್ಷ ಶ್ರೀಧರ. ಆಫೀಸಿನಲ್ಲಿ ನಾನು ಬರೆದ ಒಂದೊಂದು ಸಾಲಿಗೂ ಯಾರೋ ಒಬ್ಬ ಯಾಕೆ ಅಂತ ಕೇಳಿದ್ದಾನೆ. ಕೇಳಲಿ, ಅದು ನೌಕರಿ. ನಿಮ್ಮ ಮನೆ ಹಾಲಿನಲ್ಲಿ ಮಾತ್ರ ಯಾರೂ ಕೇಳ್ತಿರಲಿಲ್ಲ. ಆ ಎರಡು ಗಂಟೆಗೋಸ್ಕರ ವಾರ ಪೂರ್ತಿ ಈ ಮೆಟ್ರೋದಲ್ಲಿ ನೇತಾಡ್ತಿದ್ದೆ. ಅಲ್ಲೂ ಯಾಕೆ ಅಂತ ಕೇಳಿದೆಯಲ್ಲಪ್ಪ ನೀನು.”

ಸಿಟ್ಟಿನಿಂದ ಹೇಳಿದ್ದರೆ ಎದುರುತ್ತರ ಕೊಡಬಹುದಿತ್ತು. ಅವನು ಸುಸ್ತಿನಿಂದ ಹೇಳಿದ. ನನಗೆ ತುಂಬ ಸಂಕಟವಾಯಿತು. ತಪ್ಪಾಯಿತು ಎಂದೆ, ಬಾ ಎಂದೆ, ಇನ್ನು ಮೇಲೆ ನಿನಗೆ ಹೇಗೆ ಬೇಕೋ ಹಾಗೆ ಮಾಡು ಎಂದೆ. “ಚಲೋ, ಬರ್ತೀನಿ. ಬಂದು ಏನು ಮಾಡ್ತೀನೋ ಗೊತ್ತಿಲ್ಲ. ಒಳಗೆ ಖಾಲಿಯಾಗಿದೆ” ಎಂದ.

ಬಂದ. ನಾನು ಫೈಲುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, “ಹೇಗೆ ಬೇಕೋ ಹಾಗೆ” ಎಂದು ಮತ್ತೆ ಹೇಳಿದೆ. ಅವನು ಹಾಲಿನ ನಡುವೆ ನಿಂತು, “ಹೇಗೆ ಬೇಕೋ ಹಾಗೆ ಅಂದ್ರೆ ಹೇಗೆ?” ಎಂದ. ಒಂದು ಗಂಟೆ ನಿಂತು, ಟೀ ಕುಡಿದು ಹೋದ. ಬೇಡವೆಂದು ಆದೇಶ ಹೊರಡಿಸುವುದು ಸುಲಭ, ಆಡು ಎಂದು ಆದೇಶ ಹೊರಡಿಸಿದರೆ ಅದು ನಡೆಯುವುದಿಲ್ಲ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕಥೆ. ಪ್ರದರ್ಶನಕ್ಕೆ ಮೂರು ವಾರ ಉಳಿದಿತ್ತು.

ಆ ಮುಂದಿನ ಭಾನುವಾರ ಚಳಿ ಹೇಳತೀರದು. ಎದುರಿನ ಬ್ಲಾಕಿನ ಗೋಡೆಯ ಮೇಲಿನ ದೊಡ್ಡ ಚಿತ್ರವೂ ಮಂಜಿನಲ್ಲಿ ಮುಚ್ಚಿಹೋಗಿತ್ತು. ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ದಿನಾ ಬರುವ ಜನರೂ ಇರಲಿಲ್ಲ. ರಿಹರ್ಸಲಿಗೆ ಬಂದವರು ರಾಘಣ್ಣ, ನಾಜಿಯಾ ಇಬ್ಬರೇ. ಹೀಟರಿನ ಸರಳು ಸುಟ್ಟುಹೋಗಿತ್ತು. ವಸಂತಿ ರಜಾಯಿ ತಂದು ದಿವಾನಿನ ಮೇಲೆ ಹಾಕಿದಳು. ನಾನು ವಾರವಿಡೀ ಮೈ ಮುರಿದು ದುಡಿದಿದ್ದೆ. ಸುಮ್ಮನೆ ಒಂದು ನಿಮಿಷ ಎಂದು ಒಳಗೆ ಸೇರಿ, ಮುಖದ ಮೇಲೆ ಎಳೆದುಕೊಂಡೆ. ನುಸಿಗುಳಿಗೆಯ ವಾಸನೆ, ಕತ್ತಲು, ಬೆಚ್ಚಗೆ. ವಸಂತಿಯೂ ತುದಿಯಲ್ಲಿ ಕೂತು ತನ್ನ ತಣ್ಣನೆಯ ಕಾಲುಗಳನ್ನು ಒಳಗೆ ತೂರಿಸಿದಳು. ಬಾರದವರ ಮಾತು ನಾನು ಓದಬೇಕಿತ್ತು. ಹೊರಗೆ ನಾಜಿಯಾ ತನ್ನ ಮಾತು ಓದಿ ಮುಗಿಸಿ, “ಸರ್, ಮುಂದಿನದು ನಿಮ್ಮದು” ಎಂದಳು.

ನನಗೆ ಏಳಲು ಸಾಧ್ಯವೇ ಇರಲಿಲ್ಲ. ಒಳಗಿನಿಂದಲೇ, “ನಾನು ಮನೇಲಿಲ್ಲ” ಎಂದೆ.

ಅದು ಅಭಿನಯವಲ್ಲ, ನೂರಕ್ಕೆ ನೂರು ನಿಜವಾದ ಸುಸ್ತು. ಆಮೇಲೆ ದಿವಾನಿನ ಕಟ್ಟಿಗೆಯ ಮೇಲೆ ಯಾರೋ ಬೆರಳಿನಿಂದ ತಟ್ಟಿದರು. ಟಕ್, ಟಕ್.

“ಮನೇಲಿಲ್ಲ ಅಂತ ಹೇಳ್ತಿರೋರು ಯಾರು?” ರಾಘಣ್ಣನ ಧ್ವನಿ.

ಯೋಚಿಸಲು ಹೋಗಿದ್ದರೆ ಕೆಡುತ್ತಿತ್ತು. ಯೋಚಿಸುವ ಶಕ್ತಿಯೇ ಇರಲಿಲ್ಲ. “ಹಿಂದಿನ ಬಾಡಿಗೆದಾರ” ಎಂದೆ.

“ಅಚ್ಛಾ! ಅವನು ಖಾಲಿ ಮಾಡಿ ಹೋದನಲ್ಲ?”

“ಹೋದ. ನನ್ನನ್ನು ಇಲ್ಲೇ ಮರೆತು ಹೋದ.”

“ಇದು ಸಿಂಗಲ್ ರಜಾಯಿ. ಒಬ್ಬರಿಗೆ ಮಾತ್ರ ಕೊಟ್ಟಿದ್ದು. ಕಾಲು ಎಣಿಸಬೇಕು, ಹೊರಗೆ ಹಾಕು!” ಎಂದು ಅವನು ತುದಿ ಎತ್ತಿದ. ಎಣಿಸಿದ. “ನಾಲ್ಕು! ಒಬ್ಬ ಅಂತ ಹೇಳಿ ನಾಲ್ಕು ಕಾಲು ಸಾಕ್ಕೊಂಡಿದ್ದೀಯ! ಇವತ್ತಿನ ನಿಯಮ: ತಲೆಗೆ ಎರಡು ಕಾಲಿಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ.”

“ಆ ಎರಡು ನೆಂಟರದು ಸ್ವಾಮಿ. ಸಂಜೆ ಹೊರಡ್ತವೆ” ಎಂದಳು ವಸಂತಿ. ಅವಳು ಹುಟ್ಟಿದಂದಿನಿಂದ ಒಂದು ನಾಟಕದಲ್ಲೂ ಪಾತ್ರ ಮಾಡಿದವಳಲ್ಲ. ನಾಜಿಯಾ ಓಡಿಬಂದು, “ಅಂಕಲ್ಜೀ, ಈ ರಜಾಯಿಯಿಂದ ಕೆಳಗೆ ನಮ್ಮ ಮನೆಗೆ ನೀರು ಸೋರ್ತಿದೆ” ಎಂದು ಜಗಳ ತೆಗೆದಳು. ಮೂರೂ ಮಂದಿ ಸೇರಿ ನನ್ನನ್ನು ರಜಾಯಿಯಿಂದ ಖಾಲಿ ಮಾಡಿಸಲು ಎಳೆದರು, ನಾನು ಬಿಡಲಿಲ್ಲ. ಹೊಲಿಗೆ ಬಿಟ್ಟು ಹತ್ತಿ ಹಾರಿತು. ರಾಘಣ್ಣ ನಕ್ಕು ನಕ್ಕು ಕೆಮ್ಮು ಬಂದು ನೆಲದ ಮೇಲೆ ಕೂತ. ನನ್ನ ಕಣ್ಣಲ್ಲಿ ನೀರು. ಎಷ್ಟು ಹೊತ್ತು ಆಡಿದೆವೋ ತಿಳಿಯದು, ಹೇಳಿದ್ದರಲ್ಲಿ ಅರ್ಧಕ್ಕರ್ಧ ಮರುದಿನ ಯಾರಿಗೂ ನೆನಪಿರಲಿಲ್ಲ. ನಾನು ನಡಾವಳಿ ಬರೆದಿರಲಿಲ್ಲ. ಆ ಸಂಜೆ ರಾಘಣ್ಣ ಮನೆಗೆ ಹೋಗಿ, ಪಾಲಕ್ ಸೋಸುತ್ತ ಕೂತಿದ್ದ ಕಮಲಕ್ಕನ ಮುಂದೆ ನಿಂತು, ಅಡುಗೆಮನೆಗೆ ಯಾರನ್ನು ಕೇಳಿ ಬಾಡಿಗೆಗೆ ಬಂದೆ ಎಂದು ಗದರಿಸಿದನಂತೆ. ಅವರೇ ಫೋನ್ ಮಾಡಿ ಹೇಳಿದರು.

ಶಾಸ್ತ್ರವೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಪುಸ್ತಕಗಳು ಈಗಲೂ ಕಪಾಟಿನಲ್ಲಿವೆ, ಆಗೊಮ್ಮೆ ಈಗೊಮ್ಮೆ ತೆಗೆದು ನೋಡುತ್ತೇನೆ. ಬರೆದವರು ಬಲ್ಲವರು. ಆದರೆ ಅವರ್ಯಾರೂ ದಣಿದ ಗುಮಾಸ್ತನ ಕೈಗೆ ಫಾರಂ ಕೊಡಿ ಎಂದು ಬರೆದಿರಲಿಲ್ಲ, ಅದು ನನ್ನದೇ ಬುದ್ಧಿವಂತಿಕೆ. ಆಟ ಬಂದರೆ ಬರುತ್ತದೆ, ನಾವು ಅಡ್ಡ ಕೂರದಿದ್ದರೆ ಸಾಕು. ಇಷ್ಟು ತಿಳಿಯಲು ನನಗೆ ಒಂದು ಮಳೆಗಾಲ, ಒಂದು ಚಳಿಗಾಲ ಹಿಡಿಯಿತು.

ಪ್ರದರ್ಶನದ ದಿನ ಹಾಲ್ ನಮಗೆ ಸಂಜೆ ಆರರವರೆಗೆ ಮಾತ್ರ. ನಾನು ರಂಗದ ಪಕ್ಕ, ಪರದೆಯ ಹಗ್ಗ ಹಿಡಿದು ನಿಂತಿದ್ದೆ. ನಾಟಕ ಸುಮಾರಾಗಿ ನಡೆಯಿತು. ಇಬ್ಬರು ಮಾತು ಮರೆತರು, ಒಂದು ಬಾಗಿಲು ಬಿತ್ತು. ಕೊನೆಯ ದೃಶ್ಯದಲ್ಲಿ ಬಾಡಿಗೆದಾರರೆಲ್ಲ ಹೊರಟುಹೋಗಿ, ಮಾಲೀಕ ಒಬ್ಬನೇ ಬೀಗ ಹಾಕಿ ಹೊರಡಬೇಕು. ರಾಘಣ್ಣ ಬೀಗ ಹಾಕಿದ. ಹೊರಡಲಿಲ್ಲ. ಬೀಗ ಎಳೆದು ನೋಡಿದ, ಮತ್ತೆ ತೆಗೆದ, ಖಾಲಿ ಮನೆಯೊಳಗೆ ಹೋಗಿ, ತಾನೇ ಬಾಡಿಗೆದಾರನಾಗಿ ಒಳಗಿನಿಂದ ಯಾರದು ಎಂದ. ಹೊರಗೆ ಬಂದು, ನಾನು ಮಾಲೀಕ ಎಂದ. ಒಳಗೆ ಹೋಗಿ, ನೀವು ಬಂದದ್ದು ಯಾಕೆ ಎಂದ. ಹೊರಗೆ ಬಂದು ತಲೆ ಕೆರೆದುಕೊಂಡ. ಜನ ಬಿದ್ದು ಬಿದ್ದು ನಗುತ್ತಿದ್ದರು. ಒಳಗೆ, ಹೊರಗೆ, ಒಳಗೆ, ಹೊರಗೆ. ಆ ವಯಸ್ಸಿನಲ್ಲಿ ಅವನ ಕಾಲಿಗೆ ಅಷ್ಟು ಹುಮ್ಮಸ್ಸು ಎಲ್ಲಿಂದ ಬಂತೋ. ರಂಗ ಬಿಟ್ಟು ಇಳಿಯಲು ಅವನಿಗೆ ಮನಸ್ಸಿಲ್ಲ ಎಂದು ನನಗೆ ಅರ್ಥವಾಯಿತು.

ಹಾಲ್ ನೋಡಿಕೊಳ್ಳುವ ಭಯ್ಯಾ ಬೀಗದ ಕೈ ಗೊಂಚಲು ಹಿಡಿದು ನನ್ನ ಪಕ್ಕ ಬಂದ. ಮೀಸೆ ನರೆತ ಬಿಹಾರದ ಮನುಷ್ಯ. “ಸಾಬ್, ಟೈಮ್ ಹೋ ಗಯಾ” ಎಂದ. ಹಗ್ಗ ನನ್ನ ಕೈಯಲ್ಲೇ ಇತ್ತು. “ಪಾಂಚ್ ಮಿನಿಟ್” ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ, ಮತ್ತೆ ಪಾಂಚ್ ಮಿನಿಟ್ ಎಂದೆ. ಹಾಗೆ ನಾಲ್ಕು ಸಲ ಆಯಿತು. ಐದನೆಯ ಸಲ ಕೇಳಲಿಲ್ಲವಲ್ಲ ಎಂದು ತಿರುಗಿ ನೋಡಿದೆ. ಒಂದಕ್ಷರ ಕನ್ನಡ ಬಾರದ ಅವನು ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು, ರಾಘಣ್ಣನನ್ನೇ ನೋಡುತ್ತ, ಮೈ ಕುಲುಕಿಸಿ ನಗುತ್ತಿದ್ದ.